ರಸ್ತೆ ಕಾಮಗಾರಿಯ ಭಾರೀ ಯಂತ್ರಗಳು: ಚಾಲಕರ ಸುರಕ್ಷತಾ ಕ್ರಮಗಳು ಮತ್ತು ಬಿಡಬೇಕಾದ ತಪ್ಪು ನಂಬಿಕೆಗಳು

ಊರಿಗೆ ಹೊಸ ರಸ್ತೆ ಬರುತ್ತಿದೆ ಎಂದು ಜನರಿಗೆ ಗೊತ್ತಾಗುವುದು ಜೆಸಿಬಿ ಬಂದು ನಿಂತಾಗ. ಅದರ ಬೆನ್ನಿಗೇ ಗರಸು ತುಂಬಿದ ಟಿಪ್ಪರ್, ನೆಲ ಸಮ ಮಾಡುವ ಗ್ರೇಡರ್, ರೋಲರ್, ಕೊನೆಗೆ ಡಾಂಬರು ಹಾಸುವ ಪೇವರ್ ಬರುತ್ತವೆ. ನೋಡಲು ಜನ ಸೇರುತ್ತಾರೆ. ಜೆಸಿಬಿ ಅಗೆಯುವುದನ್ನು ನಿಂತು ನೋಡುವವರ ಬಗ್ಗೆ 2019ರಲ್ಲಿ ದೇಶದ ತುಂಬ ಮೀಮ್‌ಗಳು ಹರಿದಾಡಿದ್ದು ಹಲವರಿಗೆ ನೆನಪಿರಬಹುದು. ಆದರೆ ಆ ಯಂತ್ರದ ಸೀಟಿನಲ್ಲಿ ಕೂತವರ ಕೆಲಸ ಎಷ್ಟು ಅಪಾಯದ್ದು, ಅವರ ಯಾವ ಅಭ್ಯಾಸಗಳು ಜೀವ ಉಳಿಸುತ್ತವೆ ಎಂಬ ಮಾತು ಮಾತ್ರ ಕಡಿಮೆ.

ಅಪಾಯ ಎಷ್ಟರ ಮಟ್ಟಿನದು? ನಿಯಮಗಳು ಬಿಗಿಯಾಗಿರುವ ಅಮೆರಿಕದಲ್ಲೇ 2003ರಿಂದ 2020ರವರೆಗೆ ರಸ್ತೆ ಕಾಮಗಾರಿ ಸ್ಥಳಗಳಲ್ಲಿ 2,222 ಕಾರ್ಮಿಕರು ಸತ್ತಿದ್ದಾರೆ. ವರ್ಷಕ್ಕೆ ಸರಾಸರಿ 123 ಮಂದಿ.

ನಮ್ಮ ಕಡೆಯ ಉದಾಹರಣೆಯಾಗಿ ಹಾವೇರಿ ಜಿಲ್ಲೆ ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನಂಥ ಊರನ್ನು ಕಣ್ಮುಂದೆ ಇಟ್ಟುಕೊಳ್ಳೋಣ. ಸುತ್ತಮುತ್ತ ಎರೆ ಹೊಲಗಳು. ರಸ್ತೆಗೆ ಹೊಂದಿಕೊಂಡೇ ಮನೆ, ಅಂಗಡಿ, ಶಾಲೆ, ವಿದ್ಯುತ್ ಕಂಬ. ಸುಗ್ಗಿಯಲ್ಲಿ ರಸ್ತೆಯ ಮೇಲೇ ಗೋವಿನಜೋಳ ಒಣಗಿಸುವ ರೂಢಿ. ಇಂಥಲ್ಲಿ ಕಾಮಗಾರಿ ನಡೆಯುವಾಗ ರಸ್ತೆ ಮುಚ್ಚುವುದಿಲ್ಲ. ಯಂತ್ರ, ಕೂಲಿಗಳು, ಎತ್ತಿನಗಾಡಿ, ಬೈಕು, ಶಾಲೆಯ ಮಕ್ಕಳು ಎಲ್ಲರೂ ಒಂದೇ ಜಾಗದಲ್ಲಿ ಓಡಾಡುತ್ತಾರೆ. ಯಂತ್ರಗಳು ಹೆಚ್ಚಾಗಿ ಗಂಟೆ ಲೆಕ್ಕದ ಬಾಡಿಗೆಯವು. ನಿಂತ ಪ್ರತಿ ನಿಮಿಷವೂ ಯಾರಿಗೋ ನಷ್ಟ ಎಂಬ ಒತ್ತಡ ಚಾಲಕರ ಮೇಲಿರುತ್ತದೆ.

ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಮುಖ್ಯವಾಗಿ ಒಂದು ಸಂಗತಿ. ಯಂತ್ರದ ಅಪಘಾತಗಳನ್ನು ತಪ್ಪಿಸುವುದು ಚಾಲಕರ ಧೈರ್ಯವಲ್ಲ, ಸರಿಯಾದ ಹೊತ್ತಿಗೆ ಯಂತ್ರ ನಿಲ್ಲಿಸುವ ಅಭ್ಯಾಸ. ಎಲ್ಲಿ, ಯಾವಾಗ, ಏಕೆ ನಿಲ್ಲಿಸಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಯಂತ್ರ ನಡೆಸಲು ಯಾರಿಗೆ ಅರ್ಹತೆ?

ಮೊದಲು ಹೆಸರುಗಳ ಬಗ್ಗೆ ಒಂದು ಮಾತು. ಜೆಸಿಬಿ ಎಂಬುದು ಯಂತ್ರದ ಹೆಸರಲ್ಲ, ಕಂಪನಿಯ ಹೆಸರು. ಅದನ್ನು ಕಟ್ಟಿದ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಎಂಬ ಇಂಗ್ಲೆಂಡಿನ ಉದ್ಯಮಿಯ ಹೆಸರಿನ ಮೊದಲ ಅಕ್ಷರಗಳು ಅವು. ಮುಂದೆ ಅಗಲ ಬಕೆಟ್, ಹಿಂದೆ ಅಗೆಯುವ ತೋಳು ಇರುವ ಯಂತ್ರಕ್ಕೆ ಬ್ಯಾಕ್‌ಹೋ ಲೋಡರ್ ಎನ್ನುತ್ತಾರೆ. ಹಾಗೆಯೇ ಚೈನಿನ ಮೇಲೆ ಓಡುವ ಎಕ್ಸ್‌ಕವೇಟರ್‌ಗೆ ನಮ್ಮಲ್ಲಿ ಹಿಟಾಚಿ ಎಂದೇ ಹೆಸರು. ಈ ಲೇಖನದಲ್ಲಿ ನಾವೂ ರೂಢಿಯ ಹೆಸರನ್ನೇ ಬಳಸುತ್ತೇವೆ.

ಕಾರಿನ ಲೈಸೆನ್ಸ್ ಇದ್ದರೆ ಜೆಸಿಬಿ ನಡೆಸಬಹುದು ಎಂಬುದು ತಪ್ಪು. ಮೋಟಾರು ವಾಹನ ಕಾಯ್ದೆಯ ಪ್ರಕಾರ ಯಾವ ವರ್ಗದ ವಾಹನ ನಡೆಸುತ್ತೀರೋ ಆ ವರ್ಗ ನಿಮ್ಮ ಚಾಲನಾ ಪರವಾನಗಿಯಲ್ಲಿ ನಮೂದಾಗಿರಬೇಕು. ಕ್ಲೀನರ್ ಆಗಿ ಬಂದ ಹುಡುಗ ನೋಡಿ ನೋಡಿ ಕಲಿತು, ಚಾಲಕರು ಊಟಕ್ಕೆ ಹೋದಾಗ ಸೀಟಿಗೆ ಏರುವುದು ಕಾಮಗಾರಿಗಳಲ್ಲಿ ಕಾಣುವ ದೃಶ್ಯ. ಲಿವರ್ ಎಳೆಯಲು ಕಲಿಯುವುದು ಸುಲಭ. ಯಂತ್ರ ಯಾವಾಗ ಮಗುಚುತ್ತದೆ, ಯಾವ ಕಡೆ ಕಾಣುವುದಿಲ್ಲ ಎಂಬುದನ್ನು ಕಲಿಯಲು ತರಬೇತಿ ಬೇಕು. ಆದ್ದರಿಂದ ಚಾಲಕರು ಕೆಳಗಿಳಿಯುವಾಗ ಬಕೆಟ್ ನೆಲಕ್ಕೆ ಇಳಿಸಿ, ಬ್ರೇಕ್ ಹಾಕಿ, ಎಂಜಿನ್ ಆರಿಸಿ, ಕೀಲಿಯನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಬೇಕು.

ಬೆಳಗಿನ 10 ನಿಮಿಷ

ಎಂಜಿನ್ ಚಾಲೂ ಮಾಡುವ ಮೊದಲು ಯಂತ್ರದ ಸುತ್ತ ಒಂದು ಪೂರ್ತಿ ಸುತ್ತು ಹಾಕಬೇಕು. ನೋಡಬೇಕಾದ್ದು ಇಷ್ಟು: ಟಯರಿನ ಗಾಳಿ ಮತ್ತು ಬೋಲ್ಟ್, ಎಣ್ಣೆ ಸೋರಿಕೆ, ಬ್ರೇಕ್, ಸ್ಟೇರಿಂಗ್, ಕನ್ನಡಿ, ದೀಪ, ಹಾರ್ನ್, ರಿವರ್ಸ್ ಹಾರ್ನ್, ಸೀಟ್ ಬೆಲ್ಟ್, ಬಕೆಟ್ ಜೋಡಿಸುವ ಪಿನ್ನು. ಏನಾದರೂ ಕೆಟ್ಟಿದ್ದರೆ ಅದನ್ನು ಬರೆದಿಟ್ಟು, ಸರಿಯಾಗುವವರೆಗೆ ಯಂತ್ರ ಹೊರಡಿಸಬಾರದು.

ಈ ಸುತ್ತಿಗೆ ಇನ್ನೊಂದು ಕಾರಣವೂ ಇದೆ. ಬಿಸಿಲಿನಲ್ಲಿ ದುಡಿಯುವವರಿಗೆ ಬಯಲಿನಲ್ಲಿ ಸಿಗುವ ನೆರಳು ಹೆಚ್ಚಾಗಿ ನಿಂತ ಯಂತ್ರದ್ದೇ. ಮಧ್ಯಾಹ್ನ ಉಂಡು ಟಿಪ್ಪರಿನ ಕೆಳಗೆ, ರೋಲರಿನ ಪಕ್ಕದಲ್ಲಿ ಒರಗುವವರಿದ್ದಾರೆ. ತಾಯಂದಿರು ಕೂಸನ್ನು ಮಲಗಿಸುವುದೂ ಉಂಟು. ಸೀಟಿನಲ್ಲಿ ಕೂತವರಿಗೆ ಇದು ಯಾವುದೂ ಕಾಣುವುದಿಲ್ಲ. ಹಾಗಾಗಿ ಈ ಸುತ್ತು ಬೆಳಗ್ಗೆ ಒಮ್ಮೆ ಹಾಕಿದರೆ ಸಾಲದು. ಯಂತ್ರ ಬಿಟ್ಟು ಹೋಗಿ ಮತ್ತೆ ಏರುವಾಗಲೆಲ್ಲ ಹಾಕಬೇಕು, ಹಾರ್ನ್ ಬಾರಿಸಿ ಕೆಲ ಕ್ಷಣ ಕಾದು ಹೊರಡಬೇಕು. ಗುತ್ತಿಗೆದಾರರು ಒಂದು ತಾಡಪಾಲಿನ ನೆರಳು ಕಟ್ಟಿಸಿದರೆ ಯಂತ್ರದ ಕೆಳಗೆ ಮಲಗುವ ಅಗತ್ಯವೇ ಬರುವುದಿಲ್ಲ.

ಆಯುಧ ಪೂಜೆಯಂದು ಯಂತ್ರಗಳನ್ನು ತೊಳೆದು, ಹೂವು ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಪೂಜಿಸುವುದು ನಮ್ಮ ಪದ್ಧತಿ. ಧೂಳು, ಗ್ರೀಸು ಎಲ್ಲ ಹೋಗಿ ಯಂತ್ರ ಸ್ವಚ್ಛವಾಗುವ ಆ ದಿನ ಬಿರುಕು, ಸೋರಿಕೆ, ಸವೆದ ಪಿನ್ನು ಚೆನ್ನಾಗಿ ಕಾಣುತ್ತವೆ. ಪೂಜೆಯ ದಿನವೇ ವಾರ್ಷಿಕ ತಪಾಸಣೆಯನ್ನೂ ಇಟ್ಟುಕೊಳ್ಳಬಹುದು.

ತಪ್ಪು ನಂಬಿಕೆ 1: ಎತ್ತರದಲ್ಲಿ ಕೂತವರಿಗೆ ಎಲ್ಲ ಕಾಣುತ್ತದೆ

ದೂರದ್ದು ಕಾಣುತ್ತದೆ, ಹತ್ತಿರದ್ದು ಕಾಣುವುದಿಲ್ಲ. ಬಕೆಟ್, ತೋಳು, ಎಂಜಿನ್ ಪೆಟ್ಟಿಗೆ, ಕ್ಯಾಬಿನ್ನಿನ ಕಂಬಗಳು ಎಲ್ಲವೂ ನೋಟಕ್ಕೆ ಅಡ್ಡ. ಟಿಪ್ಪರಿನ ಹಿಂಭಾಗ, ಮೂತಿಯ ಮುಂದಿನ ಜಾಗ, ಕ್ಲೀನರ್ ಕಡೆಯ ಬದಿ, ಎಕ್ಸ್‌ಕವೇಟರಿನ ಬಲಭಾಗ ಮತ್ತು ಹಿಂಭಾಗ ಇವು ಕುರುಡು ಜಾಗಗಳು. ಅಲ್ಲಿ ಕೂತು ಕೆಲಸ ಮಾಡುವ ಆಳಾಗಲಿ, ನಿಂತಿರುವ ಮಗುವಾಗಲಿ ಕನ್ನಡಿಯಲ್ಲಿ ಕಾಣದೆ ಹೋಗಬಹುದು.

ಒಂದು ಸಣ್ಣ ಲೆಕ್ಕ ಹಾಕೋಣ. ಗಂಟೆಗೆ 10 ಕಿ.ಮೀ. ವೇಗ ಎಂದರೆ ಸೆಕೆಂಡಿಗೆ ಸುಮಾರು 2.8 ಮೀಟರ್. ಯಾರೋ ಕೂಗಿದ್ದು ಕೇಳಿ ಕಾಲು ಬ್ರೇಕಿನ ಮೇಲೆ ಹೋಗಲು ಒಂದೂವರೆ ಸೆಕೆಂಡು ಹಿಡಿದರೆ, ಬ್ರೇಕ್ ಹಿಡಿಯುವ ಮೊದಲೇ ಯಂತ್ರ 4 ಮೀಟರಿಗಿಂತ ಹೆಚ್ಚು ಹಿಂದೆ ಸರಿದಿರುತ್ತದೆ. ಹಿಂಬದಿಯಲ್ಲಿ 3 ಮೀಟರ್ ದೂರದಲ್ಲಿದ್ದವರಿಗೆ ಕೂಗಿನಿಂದ ಪ್ರಯೋಜನವಾಗದು.

ರಿವರ್ಸ್ ಹಾರ್ನ್ ಇದೆಯಲ್ಲ ಎಂದು ಕೇಳಬಹುದು. ಹಾರ್ನ್ ಬೇಕೇ ಬೇಕು. ಆದರೆ ಐದಾರು ಯಂತ್ರಗಳು ದಿನವಿಡೀ ಕೂಗುತ್ತಿದ್ದರೆ ಕೆಲಸಗಾರರ ಕಿವಿ ಅದಕ್ಕೆ ಒಗ್ಗಿಹೋಗುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ಆದ್ದರಿಂದ ಈ ಕ್ರಮಗಳು ಬೇಕು:

- ಸಾಧ್ಯವಾದಲ್ಲೆಲ್ಲ ಟಿಪ್ಪರ್‌ಗಳು ಹಿಂದಕ್ಕೆ ಬರುವ ಅಗತ್ಯವಿಲ್ಲದಂತೆ, ಒಂದು ಕಡೆ ಬಂದು ಇನ್ನೊಂದು ಕಡೆ ಹೋಗುವ ದಾರಿ ಮಾಡಬೇಕು.
- ಹಿಂದಕ್ಕೆ ಬರಲೇಬೇಕಾದರೆ ಸಿಗ್ನಲ್ ಕೊಡಲು ಒಬ್ಬರೇ ಇರಬೇಕು. ಇಬ್ಬರು ಕೈ ಆಡಿಸಿದರೆ ಚಾಲಕರಿಗೆ ಗೊಂದಲ. ಆದರೆ ನಿಲ್ಲಿಸು ಎಂಬ ಸಿಗ್ನಲನ್ನು ಯಾರು ಕೊಟ್ಟರೂ ನಿಲ್ಲಿಸಲೇಬೇಕು.
- ಸಿಗ್ನಲ್ ಕೊಡುವವರು ಟಿಪ್ಪರಿನ ನೇರ ಹಿಂದೆ ನಿಲ್ಲದೆ, ಬದಿಯಲ್ಲಿ, ಚಾಲಕರ ಕನ್ನಡಿಗೆ ಕಾಣುವ ಕಡೆ ನಿಲ್ಲಬೇಕು.
- ಅವರು ಕಣ್ಣಿಗೆ ಕಾಣದ ಕ್ಷಣವೇ ಯಂತ್ರ ನಿಲ್ಲಿಸಬೇಕು. ಇದೇ ಎಲ್ಲಕ್ಕಿಂತ ದೊಡ್ಡ ನಿಯಮ.
- ಕೆಲಸಗಾರರೆಲ್ಲರಿಗೂ ಹೊಳೆಯುವ ಪಟ್ಟಿಯ ಜಾಕೆಟ್ ಮತ್ತು ಹೆಲ್ಮೆಟ್ ಇರಬೇಕು. ಯಂತ್ರದ ಹತ್ತಿರ ಹೋಗಬೇಕಾದವರು ಮೊದಲು ಚಾಲಕರ ಕಣ್ಣಿಗೆ ಬಿದ್ದು, ಅವರು ಕೈ ಸನ್ನೆ ಮಾಡಿದ ಮೇಲೆಯೇ ಹೋಗಬೇಕು.

ತಪ್ಪು ನಂಬಿಕೆ 2: ಒಣಗಿದ ಎರೆ ನೆಲ ಗಟ್ಟಿ, ಯಂತ್ರ ಎಲ್ಲಿ ಬೇಕಾದರೂ ಹೋಗುತ್ತದೆ

ಎರೆ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜದ ಅಂಶ ಹೆಚ್ಚು. ಅದು ನೀರು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಕಲ್ಲಿನಂತಿರುವ ನೆಲ ಒಂದು ಮಳೆಗೆ ಭಾರ ಹೊರುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಮೇಲಿನ ಪದರ ಒಣಗಿ ಒಳಗೆ ಹಸಿ ಉಳಿದಿದ್ದರೆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಅದು ನೋಡಿದರೆ ತಿಳಿಯುವುದಿಲ್ಲ. ಈ ಮಣ್ಣಿನ ಸೀಮೆಯಲ್ಲಿ ರಸ್ತೆಯನ್ನು ಗರಸು ಹಾಕಿ ಎತ್ತರಿಸಿ ಕಟ್ಟುವುದರಿಂದ ಎರಡೂ ಕಡೆ ಇಳಿಜಾರಿನ ಅಂಚು ಇದ್ದೇ ಇರುತ್ತದೆ.

ರೋಲರ್ ಚಾಲಕರಿಗೆ ಇದು ದೊಡ್ಡ ಸವಾಲು. ರಸ್ತೆಯನ್ನು ಅಂಚಿನಿಂದ ಆರಂಭಿಸಿ ನಡುವಿನ ಕಡೆಗೆ ಒತ್ತುತ್ತ ಬರುವುದು ಕೆಲಸದ ಕ್ರಮ. ಅಂದರೆ ಸುಮಾರು 10 ಟನ್ ತೂಕದ ಯಂತ್ರ ಸಡಿಲ ಅಂಚಿಗೆ ಹೋಗಲೇಬೇಕು. ಅದಕ್ಕಾಗಿ ಪಕ್ಕದ ಭುಜವನ್ನು ಮೊದಲೇ ತುಂಬಿಸಿ ಆಸರೆ ಕೊಡಬೇಕು, ಅಂಚನ್ನು ಕಲ್ಲು ಅಥವಾ ಕೆಂಪು ಪಟ್ಟಿಯಿಂದ ಗುರುತಿಸಬೇಕು, ಮಳೆ ಬಂದ ಮರುದಿನ ಮೇಸ್ತ್ರಿಯೊಂದಿಗೆ ನಡೆದು ನೆಲ ನೋಡಬೇಕು. ಅಂಚಿನಲ್ಲಿ ಬಿರುಕು ಕಂಡರೆ ಒಳಕ್ಕೆ ಸರಿಯಬೇಕು.

ಟಿಪ್ಪರಿಗೂ ಇದೇ ಮಾತು. ಡಬ್ಬಿ ಎತ್ತಿದಾಗ ಅದರ ಭಾರದ ಕೇಂದ್ರ ಮೇಲೆ ಹೋಗುತ್ತದೆ. ಒಂದು ಬದಿಯ ಚಕ್ರ ಸ್ವಲ್ಪ ಕುಸಿದರೂ, ಅಥವಾ ಒದ್ದೆ ಮಣ್ಣು ಡಬ್ಬಿಯ ಒಂದು ಕಡೆ ಅಂಟಿಕೊಂಡು ಉಳಿದರೂ ಟಿಪ್ಪರ್ ಪಕ್ಕಕ್ಕೆ ಉರುಳಬಹುದು. ಸಮತಟ್ಟಾದ ಗಟ್ಟಿ ನೆಲದಲ್ಲಿ ಮಾತ್ರ ಡಬ್ಬಿ ಎತ್ತಬೇಕು. ಎತ್ತಿದ ಡಬ್ಬಿಯ ಕೆಳಗೆ ರಿಪೇರಿಗೆ ನುಗ್ಗುವ ಮೊದಲು ಗಟ್ಟಿ ಆಸರೆ ಕೊಡಬೇಕು. ಹೈಡ್ರಾಲಿಕ್ ಪೈಪು ಒಡೆದರೆ ಡಬ್ಬಿ ಕ್ಷಣದಲ್ಲಿ ಕೆಳಗೆ ಬರುತ್ತದೆ.

ತಪ್ಪು ನಂಬಿಕೆ 3: ಬೆಲ್ಟ್ ಹಾಕಿದರೆ ಯಂತ್ರ ಮಗುಚಿದಾಗ ಜಿಗಿಯಲು ಆಗುವುದಿಲ್ಲ

ಚಾಲಕರಲ್ಲಿ ಬಹಳ ಗಟ್ಟಿಯಾಗಿರುವ ನಂಬಿಕೆ ಇದು. ಆದರೆ ಯಂತ್ರ ಉರುಳಲು ಹಿಡಿಯುವ ಕಾಲ ಒಂದೆರಡು ಸೆಕೆಂಡು. ಜಿಗಿಯುವವರು ಹೆಚ್ಚಾಗಿ ಯಂತ್ರ ಬೀಳುವ ಕಡೆಗೇ ಜಿಗಿಯುತ್ತಾರೆ ಇಲ್ಲವೇ ಎಸೆಯಲ್ಪಡುತ್ತಾರೆ, ಅದರ ಅಡಿಯಲ್ಲೇ ಸಿಕ್ಕಿಬೀಳುತ್ತಾರೆ. ಇದನ್ನು ತಡೆಯಲೆಂದೇ ಕ್ಯಾಬಿನ್ನಿಗೆ ಗಟ್ಟಿ ಉಕ್ಕಿನ ಚೌಕಟ್ಟು ಕೊಡುತ್ತಾರೆ. ಯಂತ್ರ ಮಗುಚಿದರೂ ಆ ಚೌಕಟ್ಟಿನ ಒಳಗಿನ ಜಾಗ ಜಜ್ಜಿಹೋಗುವುದಿಲ್ಲ. ಆ ಜಾಗದಲ್ಲೇ ಚಾಲಕರನ್ನು ಹಿಡಿದಿಡುವುದು ಬೆಲ್ಟಿನ ಕೆಲಸ.

ಸ್ವೀಡನ್ ದೇಶ 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆ ಇಂಥ ಚೌಕಟ್ಟು ಕಡ್ಡಾಯ ಮಾಡಿತು. ಚೌಕಟ್ಟು ಮತ್ತು ಬೆಲ್ಟ್ ಎರಡೂ ಇದ್ದರೆ ಟ್ರ್ಯಾಕ್ಟರ್ ಮಗುಚಿದಾಗಿನ ಸಾವುಗಳಲ್ಲಿ ಶೇ. 99ರಷ್ಟನ್ನು ತಪ್ಪಿಸಬಹುದು ಎನ್ನುತ್ತದೆ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ. ಒಂದು ಎಚ್ಚರಿಕೆಯಿದೆ: ಬರೀ ತಗಡಿನ ನೆರಳಿರುವ, ಚೌಕಟ್ಟಿಲ್ಲದ ಹಳೆಯ ಯಂತ್ರಗಳಲ್ಲಿ ಬೆಲ್ಟ್ ಈ ರಕ್ಷಣೆ ಕೊಡುವುದಿಲ್ಲ. ಅಂಥ ಯಂತ್ರವನ್ನು ಇಳಿಜಾರು ಅಥವಾ ಅಂಚಿನ ಕೆಲಸಕ್ಕೆ ಕಳಿಸಲೇಬಾರದು.

ಕ್ಯಾಬಿನ್ನಿನಲ್ಲಿ ಒಂದೇ ಸೀಟು ಇದ್ದರೆ ಒಬ್ಬರಿಗೇ ಜಾಗ ಎಂದರ್ಥ. ಮೆಟ್ಟಿಲ ಮೇಲೆ, ಮಡ್‌ಗಾರ್ಡ್ ಮೇಲೆ ಕ್ಲೀನರನ್ನು ಕೂರಿಸಿಕೊಂಡು ಹೋಗಬಾರದು. ಬಕೆಟ್ ಕೂಡ ಜನರಿಗಲ್ಲ. ಬ್ಯಾನರ್ ಕಟ್ಟಲು, ಮೆರವಣಿಗೆಯಲ್ಲಿ ನಾಯಕರ ಮೇಲೆ ಹೂವು ಸುರಿಯಲು ಜನರನ್ನು ಬಕೆಟ್ಟಿನಲ್ಲಿ ನಿಲ್ಲಿಸಿ ಎತ್ತುವುದನ್ನು ನಾವೆಲ್ಲ ನೋಡಿದ್ದೇವೆ. ಲಿವರ್ ಸ್ವಲ್ಪ ಅಲುಗಿದರೂ ಬಕೆಟ್ ಬಾಗುತ್ತದೆ. ಹಿಡಿದುಕೊಳ್ಳಲು ಅಲ್ಲಿ ಏನೂ ಇಲ್ಲ.

ತಪ್ಪು ನಂಬಿಕೆ 4: ರಬ್ಬರ್ ಟಯರ್ ಇದೆ, ಕರೆಂಟ್ ಹೊಡೆಯುವುದಿಲ್ಲ

ಹಳ್ಳಿ ರಸ್ತೆಗಳ ಬದಿಯ ಕಂಬಗಳಲ್ಲಿ 11 ಕೆ.ವಿ. ಮಾರ್ಗ ಸಾಮಾನ್ಯ. ಅಂದರೆ 11,000 ವೋಲ್ಟ್, ಮನೆಯ 230 ವೋಲ್ಟಿನ ಸುಮಾರು 48 ಪಟ್ಟು. ಟಯರಿನಲ್ಲಿ ಬರೀ ರಬ್ಬರ್ ಇರುವುದಿಲ್ಲ, ಇಂಗಾಲದ ಪುಡಿ ಮತ್ತು ಉಕ್ಕಿನ ತಂತಿಯೂ ಇರುತ್ತವೆ. ಮೇಲೆ ಮಣ್ಣು, ತೇವ ಅಂಟಿರುತ್ತದೆ. ಇಷ್ಟು ವೋಲ್ಟೇಜನ್ನು ಅದು ತಡೆಯುತ್ತದೆ ಎಂದು ನಂಬುವಂತಿಲ್ಲ. ಜೆಸಿಬಿ ಜ್ಯಾಕ್ ಕಾಲು ಊರಿ ನಿಂತಿದ್ದರಂತೂ ಲೋಹವೇ ನೆಲಕ್ಕೆ ತಾಗಿರುತ್ತದೆ. ಯಂತ್ರಕ್ಕೆ ಕೈ ತಾಗಿಸಿ ಕೆಳಗೆ ನಿಂತವರಿಗೆ ಅಪಾಯ ಎಲ್ಲರಿಗಿಂತ ಹೆಚ್ಚು. ಕರೆಂಟು ಅವರ ಮೈಮೂಲಕವೇ ನೆಲ ಸೇರುತ್ತದೆ.

ರಸ್ತೆ ಅಡ್ಡ ಹಾಯುವ ತಂತಿಗಳಿಗೆ ಕಾನೂನು ಕನಿಷ್ಠ ಎತ್ತರ ನಿಗದಿ ಮಾಡಿದೆ ನಿಜ. ಆದರೆ ಗರಸು ಹಾಕಿ ರಸ್ತೆಯನ್ನು ಎತ್ತರಿಸಿದಷ್ಟೂ ತಂತಿ ಮತ್ತು ಯಂತ್ರದ ನಡುವಿನ ಅಂತರ ಕಡಿಮೆಯಾಗುತ್ತದೆ ಎಂಬುದನ್ನು ಮರೆಯುತ್ತೇವೆ. ಹಳೆಯ ರಸ್ತೆಯಲ್ಲಿ ತಾಗದೆ ಹೋದ ಟಿಪ್ಪರ್ ಹೊಸ ರಸ್ತೆಯಲ್ಲಿ ಡಬ್ಬಿ ಎತ್ತಿದಾಗ ತಾಗಬಹುದು. ತಂತಿಯಿಂದ ಯಂತ್ರದ ಯಾವುದೇ ಭಾಗ ಕನಿಷ್ಠ 3 ಮೀಟರ್ ದೂರವಿರಬೇಕು. ಅದಕ್ಕಿಂತ ಹತ್ತಿರ ಕೆಲಸ ಅನಿವಾರ್ಯವಾದರೆ ಹೆಸ್ಕಾಂಗೆ ಮೊದಲೇ ತಿಳಿಸಿ ಮಾರ್ಗ ಆಫ್ ಮಾಡಿಸಬೇಕು.

ತಾಗಿಯೇ ಬಿಟ್ಟರೆ? ಚಾಲಕರು ಕ್ಯಾಬಿನ್ನಿನಲ್ಲೇ ಕೂರಬೇಕು. ಸಾಧ್ಯವಾದರೆ ತೋಳನ್ನು ತಂತಿಯಿಂದ ಬಿಡಿಸಬೇಕು, ಯಾರೂ ಹತ್ತಿರ ಬಾರದಂತೆ ಕೂಗಿ ಹೇಳಬೇಕು. ಹೊರಗಿನವರು ಕನಿಷ್ಠ 10 ಮೀಟರ್ ದೂರ ನಿಂತು 1912ಕ್ಕೆ ಕರೆ ಮಾಡಬೇಕು. ಕಿಡಿ ನಿಂತಿತು ಎಂದು ಹತ್ತಿರ ಹೋಗಬಾರದು, ಟ್ರಿಪ್ ಆದ ಮಾರ್ಗ ಮತ್ತೆ ಚಾಲೂ ಆಗಬಹುದು. ಬೆಂಕಿ ಹತ್ತಿ ಇಳಿಯಲೇಬೇಕಾದರೆ, ಯಂತ್ರ ಮತ್ತು ನೆಲ ಎರಡನ್ನೂ ಒಟ್ಟಿಗೆ ಮುಟ್ಟದಂತೆ ಎರಡೂ ಕಾಲು ಜೋಡಿಸಿ ಜಿಗಿಯಬೇಕು. ನಂತರ ಕಾಲುಗಳನ್ನು ಜೋಡಿಸಿಕೊಂಡೇ ಸಣ್ಣಗೆ ತೆವಳಿಸುತ್ತ ದೂರ ಸಾಗಬೇಕು. ಏಕೆಂದರೆ ನೆಲದಲ್ಲಿ ವೋಲ್ಟೇಜ್ ಹರಡಿಕೊಂಡಿರುತ್ತದೆ. ದೊಡ್ಡ ಹೆಜ್ಜೆ ಇಟ್ಟರೆ ಎರಡು ಪಾದಗಳ ನಡುವಿನ ವ್ಯತ್ಯಾಸಕ್ಕೇ ಕರೆಂಟು ಒಂದು ಕಾಲಿನಿಂದ ಇನ್ನೊಂದಕ್ಕೆ ಹರಿಯುತ್ತದೆ.

ಅಗೆಯುವಾಗ: ಅಂಚು, ಮಣ್ಣಿನ ಗುಡ್ಡೆ, ಅಡಗಿದ ಪೈಪು

ಮೋರಿ ಅಥವಾ ಗಟಾರಿಗೆ ತೆಗೆದ ಗುಂಡಿ ಎದೆಮಟ್ಟದ್ದೇ ಆದರೂ ಅದರ ಗೋಡೆ ಕುಸಿದರೆ ಜೀವ ಹೋಗಬಹುದು. ಒಂದು ಘನ ಮೀಟರ್ ಮಣ್ಣಿನ ತೂಕ ಒಂದೂವರೆ ಟನ್ನಿಗೂ ಹೆಚ್ಚು. ಎದೆಯವರೆಗೆ ಮಣ್ಣು ಬಿದ್ದರೆ ಉಸಿರಾಡಲು ಪಕ್ಕೆಲುಬು ಅಗಲಿಸಲು ಆಗುವುದಿಲ್ಲ. ತೆಗೆದ ಮಣ್ಣನ್ನು ಅಂಚಿನಿಂದ 1.5 ಮೀಟರ್ ಅಥವಾ ಗುಂಡಿಯ ಆಳದ ಅರ್ಧ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ದೂರ ಹಾಕಬೇಕು ಎನ್ನುತ್ತದೆ ಕೇಂದ್ರ ಲೋಕೋಪಯೋಗಿ ಇಲಾಖೆಯ ಸುರಕ್ಷತಾ ಸಂಹಿತೆ. ಆಳವಾದ ಗುಂಡಿಗೆ ಗೋಡೆಯನ್ನು ಮೆಟ್ಟಿಲಾಗಿ ಕಡಿಯಬೇಕು ಅಥವಾ ಹಲಗೆಯ ಆಸರೆ ಕೊಡಬೇಕು, ಹತ್ತಿ ಬರಲು ಏಣಿ ಇಡಬೇಕು. ಕೆಳಗೆ ಜನ ಇರುವಾಗ ಬಕೆಟ್ ಅವರ ತಲೆಯ ಮೇಲೆ ಹಾಯಬಾರದು, ಟಿಪ್ಪರ್ ಅಂಚಿಗೆ ಬರಬಾರದು.

ನೆಲದೊಳಗೆ ಕುಡಿಯುವ ನೀರಿನ ಪೈಪು, ಇಂಟರ್ನೆಟ್ ಕೇಬಲ್, ವಿದ್ಯುತ್ ಕೇಬಲ್ ಇರಬಹುದು. ಅಗೆಯುವವರು ಮತ್ತು ಕೇಬಲ್ ಮಾಲೀಕರು ಮೊದಲೇ ಮಾತಾಡಿಕೊಳ್ಳಲೆಂದು ಕೇಂದ್ರ ಸರ್ಕಾರ 2023ರ ಮಾರ್ಚ್ 22ರಂದು ಕಾಲ್ ಬಿಫೋರ್ ಯು ಡಿಗ್ ಎಂಬ ಆ್ಯಪ್ ಬಿಡುಗಡೆ ಮಾಡಿದೆ. ಗುತ್ತಿಗೆದಾರರು ಅದನ್ನು ಬಳಸಬೇಕು. ಅದರ ಜೊತೆಗೆ ಊರಿನ ನೀರುಗಂಟಿಯನ್ನು ಕೇಳಿದರೆ ಪೈಪು ಎಲ್ಲಿ ಹಾಯ್ದಿದೆ ಎಂಬುದು ನಕ್ಷೆಗಿಂತ ಚೆನ್ನಾಗಿ ತಿಳಿಯಬಹುದು.

ಎರಡು ಗಾಯಗಳು: ಹೈಡ್ರಾಲಿಕ್ ಎಣ್ಣೆ ಮತ್ತು ಬಿಸಿ ಡಾಂಬರು

ಜೆಸಿಬಿಯ ಹೈಡ್ರಾಲಿಕ್ ಪೈಪಿನಲ್ಲಿ ಎಣ್ಣೆಯ ಒತ್ತಡ 200 ಬಾರ್‌ಗೂ ಮೇಲಿರುತ್ತದೆ. ಕಾರಿನ ಟಯರಿನಲ್ಲಿ ಇರುವುದು 2 ಬಾರ್ ಆಸುಪಾಸು. ಸೂಜಿಮೊನೆಯಷ್ಟು ತೂತಿನಿಂದ ಹಾರುವ ಎಣ್ಣೆ ಚರ್ಮವನ್ನು ಸೀಳಿ ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಮುಳ್ಳು ಚುಚ್ಚಿದಂಥ ಗುರುತು, ನೋವೂ ಮೊದಲಿಗೆ ಕಡಿಮೆ. ಆದ್ದರಿಂದ ಅರಿಶಿನ ಹಚ್ಚಿ ಸುಮ್ಮನಾಗುತ್ತಾರೆ. ಒಳಗೆ ಮಾಂಸ ಸಾಯುತ್ತಿರುತ್ತದೆ, ತಡಮಾಡಿದರೆ ಬೆರಳು ಅಥವಾ ಕೈಯನ್ನೇ ತೆಗೆಯಬೇಕಾಗಬಹುದು. ಸೋರಿಕೆಯನ್ನು ಬೆರಳಿನಿಂದ ಹುಡುಕಬೇಡಿ. ಎಂಜಿನ್ ಆರಿಸಿ, ಒತ್ತಡ ಬಿಟ್ಟ ಮೇಲೆ ನೋಡಿ. ಚಾಲೂ ಇರುವಾಗ ನೋಡಲೇಬೇಕಾದರೆ ರಟ್ಟಿನ ತುಂಡು ಹಿಡಿದು ನೋಡಿ. ಚುಚ್ಚಿದರೆ ಕೂಡಲೇ ಶಸ್ತ್ರಚಿಕಿತ್ಸೆ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ, ಹೈಡ್ರಾಲಿಕ್ ಎಣ್ಣೆ ಒಳಹೋಗಿದೆ ಎಂದು ಹೇಳಿ.

ನಮ್ಮ ರಸ್ತೆಗಳಿಗೆ ಹೆಚ್ಚು ಬಳಸುವ ವಿಜಿ 30 ದರ್ಜೆಯ ಡಾಂಬರಿನ ಮಿಶ್ರಣವನ್ನು 150ರಿಂದ 165 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಯಾರಿಸುತ್ತಾರೆ, 140 ಡಿಗ್ರಿಗಿಂತ ತಣ್ಣಗಾಗುವ ಮೊದಲು ಹಾಸುತ್ತಾರೆ. ಕುದಿಯುವ ನೀರಿಗಿಂತ ಬಿಸಿ, ಜೊತೆಗೆ ಅಂಟಿಕೊಳ್ಳುವ ಗುಣ ಬೇರೆ. ಮೈಗೆ ಬಿದ್ದರೆ ಕಿತ್ತು ತೆಗೆಯಬಾರದು, ಚರ್ಮವೂ ಜೊತೆಗೆ ಬರುತ್ತದೆ. ಸೀಮೆಎಣ್ಣೆ, ಡೀಸೆಲ್, ಟೂತ್‌ಪೇಸ್ಟ್, ಇಂಕು ಹಚ್ಚಬಾರದು. ತಣ್ಣೀರನ್ನು ಕನಿಷ್ಠ 20 ನಿಮಿಷ ಸುರಿದು, ಡಾಂಬರನ್ನು ಹಾಗೆಯೇ ಬಿಟ್ಟು ಆಸ್ಪತ್ರೆಗೆ ಕರೆದೊಯ್ಯಬೇಕು. ಪೇವರಿನ ಹತ್ತಿರ ಒಂದು ಡ್ರಮ್ ಶುದ್ಧ ನೀರು ಯಾವಾಗಲೂ ಇರಲಿ.

ತಪ್ಪು ನಂಬಿಕೆ 5: ಚಹಾ ಕುಡಿದರೆ, ಗುಟ್ಕಾ ಹಾಕಿದರೆ ನಿದ್ದೆ ಹೋಗುತ್ತದೆ

ಸತತ 17 ಗಂಟೆ ಎಚ್ಚರವಿದ್ದವರ ಗಮನ ಮತ್ತು ಪ್ರತಿಕ್ರಿಯೆ, ರಕ್ತದಲ್ಲಿ ಶೇ. 0.05 ಮದ್ಯ ಇದ್ದವರ ಮಟ್ಟಕ್ಕೆ ಕುಸಿಯುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಭಾರತದಲ್ಲಿ ವಾಹನ ನಡೆಸುವವರಿಗೆ ಇರುವ ಮಿತಿ ಶೇ. 0.03. ಅಂದರೆ ಬೆಳಗಿನ 5ಕ್ಕೆ ಎದ್ದು ರಾತ್ರಿ 10ಕ್ಕೂ ಟಿಪ್ಪರ್ ಓಡಿಸುತ್ತಿರುವವರು, ಒಂದು ಹನಿ ಕುಡಿಯದಿದ್ದರೂ, ಕುಡಿದವರಷ್ಟೇ ಅಪಾಯಕಾರಿ. ಚಹಾ ಸ್ವಲ್ಪ ಹೊತ್ತು ಎಚ್ಚರ ಕೊಡಬಹುದು, ನಿದ್ದೆಯ ಸಾಲ ತೀರಿಸುವುದಿಲ್ಲ. ಗುಟ್ಕಾ ಬಾಯಿಯ ಕ್ಯಾನ್ಸರಿಗೆ ದಾರಿ, ಅಷ್ಟೇ.

ಬೇಸಿಗೆಯಲ್ಲಿ ಬಾಯಾರಿಕೆಗೆ ಕಾಯದೆ 15–20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಬೇಕು. ತಲೆ ಸುತ್ತು, ಗೊಂದಲದ ಮಾತು, ಮೈ ಸುಡುವಿಕೆ ಕಂಡರೆ ಅದು ಬಿಸಿಲಾಘಾತ. ಕೂಡಲೇ ನೆರಳಿಗೆ ತಂದು ಮೈಗೆ ತಣ್ಣೀರು ಹಾಕಿ 108ಕ್ಕೆ ಕರೆ ಮಾಡಬೇಕು.

ಸದ್ದು, ಧೂಳು, ನಡುಕ ಇವು ನಿಧಾನವಾಗಿ ಕೊಲ್ಲುವಂಥವು. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಮಿತಿ. ಸದ್ದು 3 ಡೆಸಿಬೆಲ್ ಹೆಚ್ಚಿದಂತೆಲ್ಲ ಆ ಅವಧಿ ಅರ್ಧವಾಗಬೇಕು. ಮಾತಾಡಲು ಕೂಗಬೇಕಾದಷ್ಟು ಸದ್ದಿದ್ದರೆ ಕಿವಿ ಮುಚ್ಚುವ ಪ್ಲಗ್ ಬೇಕು. ಕಲ್ಲಿನ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶವನ್ನು ಗಟ್ಟಿಯಾಗಿಸುವ, ವಾಸಿಯಾಗದ ಸಿಲಿಕೋಸಿಸ್ ತರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸಿಲಿಕಾ ಧೂಳನ್ನು 1997ರಲ್ಲಿ, ಡೀಸೆಲ್ ಹೊಗೆಯನ್ನು 2012ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಬೆಲ್ಲ ತಿಂದರೆ ಧೂಳು ಹೋಗುತ್ತದೆ ಎಂಬ ಮಾತನ್ನು ನಂಬಬೇಡಿ. ಬೆಲ್ಲ ಹೋಗುವುದು ಹೊಟ್ಟೆಗೆ, ಧೂಳು ಕೂರುವುದು ಶ್ವಾಸಕೋಶದಲ್ಲಿ. ನೀರು ಸಿಂಪಡಿಸುವುದು, ಕ್ಯಾಬಿನ್ನಿನ ಕಿಟಕಿ ಮುಚ್ಚುವುದು, ಸರಿಯಾದ ಮಾಸ್ಕ್ ಹಾಕುವುದು ಇದಕ್ಕೆ ದಾರಿ. ದಿನವಿಡೀ ಸೀಟಿನ ನಡುಕದಿಂದ ಬರುವ ಸೊಂಟನೋವಿಗೆ ಸೀಟಿನ ಸ್ಪ್ರಿಂಗ್ ರಿಪೇರಿ ಮಾಡಿಸುವುದೂ ಚಿಕಿತ್ಸೆಯ ಭಾಗವೇ.

ಹೊಣೆ ಯಾರದು?

ಎಲ್ಲವನ್ನೂ ಚಾಲಕರ ತಲೆಗೆ ಕಟ್ಟುವುದು ನ್ಯಾಯವಲ್ಲ. ಕಾಮಗಾರಿ ಸ್ಥಳದ ಸಂಚಾರ ನಿರ್ವಹಣೆಗೆ ಭಾರತೀಯ ರಸ್ತೆ ಕಾಂಗ್ರೆಸ್ ಎಸ್‌ಪಿ 55 ಎಂಬ ಮಾರ್ಗಸೂಚಿ ಕೊಟ್ಟಿದೆ. ಮುನ್ನೆಚ್ಚರಿಕೆಯ ಫಲಕ, ವಾಹನಗಳನ್ನು ಬದಿಗೆ ತಿರುಗಿಸುವ ಜಾಗ, ಕೆಲಸದ ಜಾಗ, ಮುಗಿಯುವ ಜಾಗ ಎಂದು ನಾಲ್ಕು ವಲಯ ಮಾಡಬೇಕು. ಫಲಕ, ಬ್ಯಾರಿಕೇಡ್, ರಾತ್ರಿ ದೀಪ ಹಾಕಿಸುವುದು ಗುತ್ತಿಗೆದಾರರ ಕೆಲಸ, ಹಾಕಿದ್ದಾರೆಯೇ ಎಂದು ನೋಡುವುದು ಇಲಾಖೆಯ ಎಂಜಿನಿಯರರ ಕೆಲಸ.

ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರಿಗಾಗಿ 1996ರ ಕಾಯ್ದೆ ಇತ್ತು. ಅದನ್ನು ಒಳಗೊಂಡ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಜೀವಕ್ಕೆ ಕೂಡಲೇ ಅಪಾಯವಿದೆ ಎಂದು ಅನ್ನಿಸಿದರೆ ಅದನ್ನು ಮಾಲೀಕರ ಗಮನಕ್ಕೆ ತರುವ ಹಕ್ಕನ್ನು ಅದು ಕೆಲಸಗಾರರಿಗೆ ಕೊಡುತ್ತದೆ, ಅಪಾಯವಿದ್ದರೆ ತಕ್ಷಣ ಕ್ರಮ ಕೈಗೊಳ್ಳುವುದು ಮಾಲೀಕರ ಕರ್ತವ್ಯ. ರಸ್ತೆ ಕೆಲಸವೂ ನಿರ್ಮಾಣ ಕೆಲಸವೇ. 18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ಇಂಥ ಕೆಲಸ ಮಾಡಿದ್ದರೆ, ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಅಪಘಾತ ಪರಿಹಾರ ಸಿಗುವುದು ನೋಂದಣಿ ಆಗಿದ್ದವರಿಗೆ. ಆದ್ದರಿಂದ ಕಾರ್ಡ್ ಮಾಡಿಸುವುದನ್ನು ಮುಂದೂಡಬೇಡಿ.

ಊರಿನವರ ಪಾಲೂ ಇದೆ. ಕಾಮಗಾರಿ ಮುಗಿಯುವವರೆಗೆ ಆ ರಸ್ತೆಯಲ್ಲಿ ಕಾಳು ಒಣಗಿಸಬೇಡಿ. ಮಕ್ಕಳಿಗೆ ಯಂತ್ರದಿಂದ ದೂರ ಇರಲು ಹೇಳಿ. ಶಾಲೆ ಬಿಡುವ ಹೊತ್ತಿಗೆ ಅರ್ಧ ಗಂಟೆ ಕೆಲಸ ನಿಲ್ಲಿಸುವಂತೆ ಗ್ರಾಮ ಪಂಚಾಯಿತಿ ಗುತ್ತಿಗೆದಾರರೊಂದಿಗೆ ಮೊದಲೇ ಮಾತಾಡಬಹುದು. ಅಪಘಾತವಾದರೆ 112 ಅಥವಾ 108ಕ್ಕೆ ಕರೆ ಮಾಡಿ. ಗಾಯಾಳುಗಳಿಗೆ ನೆರವಾದವರಿಗೆ ತೊಂದರೆ ಆಗದಂತೆ ಮೋಟಾರು ವಾಹನ ಕಾಯ್ದೆಯಲ್ಲಿ 2019ರ ತಿದ್ದುಪಡಿಯಿಂದ ರಕ್ಷಣೆ ಇದೆ.

ಕೊನೆಯದಾಗಿ

ಮೇಲಿನ ಪಟ್ಟಿ ಉದ್ದವಾಗಿ ಕಂಡರೂ ಚಾಲಕರು ನೆನಪಿಡಬೇಕಾದ ನಿಲ್ಲಿಸುವ ಹೊತ್ತುಗಳು ಐದೇ: ಸಿಗ್ನಲ್ ಕೊಡುವವರು ಕಾಣದಾದಾಗ, ಅಂಚಿನಲ್ಲಿ ಬಿರುಕು ಕಂಡಾಗ, ಮೇಲೆ ತಂತಿ ಇದ್ದಾಗ, ಗುಂಡಿಯಲ್ಲಿ ಜನ ಇದ್ದಾಗ, ಕಣ್ಣು ಎಳೆಯುವಾಗ. ಇವುಗಳಿಗೆ ದಿನದಲ್ಲಿ ಹೋಗುವ ಸಮಯ ಬಹಳವೆಂದರೆ ಒಂದು ಗಂಟೆಯ ಬಾಡಿಗೆ. ಆ ಒಂದು ಗಂಟೆಯನ್ನು ಕಾಮಗಾರಿಯ ಲೆಕ್ಕದಲ್ಲಿ ಮೊದಲೇ ಸೇರಿಸಬೇಕಾದವರು ಗುತ್ತಿಗೆದಾರರು ಮತ್ತು ಇಲಾಖೆ. ಅದನ್ನು ಸೇರಿಸದೆ ಚಾಲಕರಿಗೆ ಹುಷಾರಾಗಿರು ಎಂದಷ್ಟೇ ಹೇಳಿದರೆ ಪ್ರಯೋಜನವಿಲ್ಲ.